ಗಾಡಿ ಮಾತಾಡ್ಲತದ

ಊರಿನಿಂದ ಯಾರಾದರೂ ಹೈದರಾಬಾದಿಗೆ ಬಂದರೆ ತೋರಿಸಬೇಕಾದ ಜಾಗಗಳು ನಮ್ಮಂಥ ಇಲ್ಲಿನ ಕನ್ನಡಿಗರಿಗೆ ಬಾಯಿಪಾಠ. ಚಾರ್ಮಿನಾರ್, ಸಾಲಾರ್‌ಜಂಗ್ ಮ್ಯೂಸಿಯಂ, ಗೋಲ್ಕೊಂಡ, ಜೊತೆಗೆ ಮಕ್ಕಳಿದ್ದರೆ ಝೂ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ಸಂಜೆ ಅಲ್ಲಿಗೂ ಒಂದು ಸುತ್ತು. ಚೌಮಹಲ್ಲಾ ಅರಮನೆ ದುರಸ್ತಿಯಾಗಿ ಜನರಿಗೆ ತೆರೆದ ಮೇಲೆ ಅದೂ ಸೇರಿಕೊಂಡಿತು. ನಾನಂತೂ ದರ್ಬಾರ್ ಹಾಲಿನ ಝುಮ್ಮರಗಳನ್ನು ಬೇಗ ಮುಗಿಸಿ ನೆಂಟರನ್ನು ಕಾರುಗಳಿರುವ ಕಡೆಗೆ ಎಳೆದುಕೊಂಡು ಹೋಗುತ್ತೇನೆ. ಅದು ನನ್ನ ಹಳೆಯ ಚಟ.

ಅಲ್ಲೊಂದು ಹಳದಿ ರೋಲ್ಸ್ ರಾಯ್ಸ್ ಇದೆ. ಸಿಲ್ವರ್ ಘೋಸ್ಟ್ ಜಾತಿಯದು. ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಕಾಲದಲ್ಲಿ, 1911ರಲ್ಲಿ, ಇಂಗ್ಲೆಂಡಿಗೆ ಆರ್ಡರ್ ಹೋಯಿತು. ಅದೇ ವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಲಂಡನ್ನಿನ ಬಾರ್ಕರ್ ಕಂಪನಿ ಮೇಲಿನ ಮೈ ಕಟ್ಟಿ ಮುಗಿಸುವಷ್ಟರಲ್ಲಿ ಇಲ್ಲಿ ಗದ್ದುಗೆಯ ಮೇಲೆ ಉಸ್ಮಾನ್ ಅಲಿ ಖಾನ್ ಇದ್ದರು. ಹಿಂದಿನ ಸೀಟು ಸಿಂಹಾಸನದ ಹಾಗೆ ಎತ್ತರವಾಗಿರುವುದರಿಂದ ಅದಕ್ಕೆ ಸಿಂಹಾಸನದ ಕಾರು ಅಂತಲೇ ಹೆಸರು.

ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾನ ಮೊಮ್ಮಗ ಹುಮನಾಬಾದಿನಿಂದ ಬಂದಿದ್ದ. ಕಾರನ್ನು ಸುತ್ತು ಹಾಕಿ ನೋಡಿ, ‘ದೊಡ್ಡಪ್ಪಾ, ಇದು ಎಷ್ಟು ಕಿಲೋಮೀಟರ್ ಓಡ್ಯಾದ್ರೀ?’ ಅಂದ. ಬೆಲೆ ಕೇಳುವವರೇ ಹೆಚ್ಚು, ಓಟ ಕೇಳಿದವನು ಇವನೊಬ್ಬನೇ. ಮೆರವಣಿಗೆಗೆ ಮಾತ್ರ ಹೊರಗೆ ಬರುತ್ತಿದ್ದ ಕಾರು, ಎಲ್ಲ ಸೇರಿ ಕೆಲವೇ ನೂರು ಮೈಲಿ ಅಂದೆ. ಹುಡುಗ ‘ಅಷ್ಟೇನಾ’ ಅಂತ ಮುಖ ಮಾಡಿದ. ಅವನ ಅಜ್ಜ ಒಂದು ವಾರಕ್ಕೆ ಅದಕ್ಕಿಂತ ಹೆಚ್ಚು ಬಸ್ಸು ಓಡಿಸುತ್ತಿದ್ದ.

ನಾನು ಬದುಕು ಸವೆಸಿದ್ದು ಹೊಸ ಗಾಡಿಗಳನ್ನು ರಸ್ತೆಯ ಮೇಲೆ ಓಡಿಸಿ ನೋಡುವ ಕೆಲಸದಲ್ಲಿ. 1984ರಲ್ಲಿ ಹೈದರಾಬಾದಿನ ಒಂದು ಕಾರ್ಖಾನೆ ಸೇರಿದೆ. ಊರಲ್ಲಿ ‘ಏನು ನೌಕರಿ’ ಅಂತ ಕೇಳಿದವರಿಗೆ ‘ಗಾಡಿ ಓಡಿಸೋದು’ ಅಂದರೆ ಡ್ರೈವರ್ ಅಂದುಕೊಳ್ಳುತ್ತಿದ್ದರು. ತಪ್ಪೇನಿಲ್ಲ. ಆದರೆ ಡ್ರೈವರಿಗೆ ಊರು ಮುಟ್ಟಬೇಕು, ನನಗೆ ಗಾಡಿ ಎಲ್ಲಿ ನಡುಗುತ್ತದೆ, ಎಲ್ಲಿ ಗುಂಯ್ ಅನ್ನುತ್ತದೆ, ಸ್ಟೇರಿಂಗ್ ಯಾವ ಕಡೆ ಎಳೆಯುತ್ತದೆ ಅನ್ನುವುದು ತಿಳಿಯಬೇಕು. ಈ ಕೆಲಸದ ಹಳೆಯ ಕಥೆ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಇದೇ ಹಳದಿ ಕಾರಿನ ಅಕ್ಕ.

ಮೋಟಾರು ಕಾರಿನ ಮೊದಲ ಇಪ್ಪತ್ತು ವರ್ಷ ‘ಕಾರು ಮುಟ್ಟುತ್ತದೋ ಇಲ್ಲವೋ’ ಅನ್ನುವುದೇ ಪರೀಕ್ಷೆ. ನಡುಕ, ಸದ್ದು ಯಾರ ಲೆಕ್ಕಕ್ಕೂ ಇರಲಿಲ್ಲ. ಅದು ಲೆಕ್ಕಕ್ಕೆ ಬಂದಿದ್ದು ಆರು ಸಿಲಿಂಡರಿನ ಎಂಜಿನ್ ಬಂದ ಮೇಲೆ. ಇಂಗ್ಲೆಂಡಿನ ನೇಪಿಯರ್ ಕಂಪನಿ 1904ರ ಹೊತ್ತಿಗೆ ಆರು ಸಿಲಿಂಡರಿನ ಕಾರನ್ನು ಮಾರಾಟಕ್ಕೆ ಇಟ್ಟಿತು. ನಾಲ್ಕಕ್ಕಿಂತ ಆರು ನಯವಾಗಿ ಓಡಬೇಕು, ಓಡುತ್ತಲೂ ಇತ್ತು. ಆದರೆ ಒಂದು ವೇಗಕ್ಕೆ ಬಂದಾಗ ಎಂಜಿನ್ ಒಳಗಿಂದ ಕಟಕಟ ಸದ್ದು. ಕಾರಣ ಉದ್ದನೆಯ ಕ್ರ್ಯಾಂಕ್ ಶಾಫ್ಟ್. ಒದ್ದೆ ಬಟ್ಟೆ ಹಿಂಡಿದ ಹಾಗೆ ಅದು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಸಿಲಿಂಡರುಗಳ ಹೊಡೆತ ಆ ತಿರುಚಾಟದ ಲಯಕ್ಕೆ ಕೂಡಿಕೊಂಡರೆ, ಜೋಕಾಲಿಗೆ ಹೊತ್ತು ನೋಡಿ ಕೈ ಹಾಕಿದಂತೆ, ನಡುಕ ಏರುತ್ತಲೇ ಹೋಗುತ್ತದೆ. ಶಾಫ್ಟ್ ಮುರಿದದ್ದೂ ಉಂಟು. ನೇಪಿಯರ್ ಕಾರು ಮಾರುತ್ತಿದ್ದ ಎಸ್. ಎಫ್. ಎಡ್ಜ್ ಎಂಬ ಚಾಲಾಕಿ ಮನುಷ್ಯ ಈ ರೋಗಕ್ಕೆ ‘ಪವರ್ ರ‍್ಯಾಟಲ್’ ಅಂತ ಹೆಸರಿಟ್ಟ. ಅಂದರೆ, ಅದು ದೋಷ ಅಲ್ಲ, ಶಕ್ತಿಯ ಸದ್ದು! ಮಾರುವವರ ಬುದ್ಧಿ ಆಗಲೂ ಇದೇ.

ಹೆನ್ರಿ ರಾಯ್ಸ್‌ಗೆ ಅದೇ ತೊಂದರೆ ತನ್ನ ಮೊದಲ ಆರು ಸಿಲಿಂಡರಿನ ಕಾರಿನಲ್ಲಿ ಎದುರಾಯಿತು. ಆತ ಹೆಸರಿಡಲು ಹೋಗಲಿಲ್ಲ. ಮುಂದಿನ 40/50 ಕಾರಿಗೆ ಶಾಫ್ಟನ್ನು ದಪ್ಪ ಮಾಡಿ ಏಳು ಬೇರಿಂಗುಗಳ ಮೇಲೆ ಕೂರಿಸಿದ. ಶಾಫ್ಟಿನ ತುದಿಗೆ ನಡುಕ ನುಂಗುವ ಚಿಕ್ಕ ಚಕ್ರವನ್ನು ಕೂರಿಸುವ ಉಪಾಯ ಕೆಲವು ವರ್ಷಗಳಲ್ಲಿ ಬಂತು, ರಾಯ್ಸ್ ಒಂದು ಕಡೆ, ಫ್ರೆಡರಿಕ್ ಲ್ಯಾಂಚೆಸ್ಟರ್ ಇನ್ನೊಂದು ಕಡೆ. ಇವತ್ತಿಗೂ ಕಾರಿನ ಬಾನೆಟ್ ಎತ್ತಿದರೆ ಬೆಲ್ಟ್ ಸುತ್ತಿಕೊಂಡಿರುವ ಆ ಮುಂದಿನ ರಾಟೆಯೊಳಗೆ ಅದರ ವಂಶವೇ ಕೂತಿರುತ್ತದೆ.

ಆ 40/50 ಕಾರು ಮೊದಲು ಕಾಣಿಸಿಕೊಂಡದ್ದು 1906ರ ಲಂಡನ್ ಪ್ರದರ್ಶನದಲ್ಲಿ. ಮಾತು ಯಾರು ನಂಬುತ್ತಾರೆ? ಕಂಪನಿಯ ವ್ಯವಹಾರ ನೋಡುತ್ತಿದ್ದ ಕ್ಲಾಡ್ ಜಾನ್ಸನ್ ಹನ್ನೆರಡನೆಯ ಕಾರಿಗೆ ಬೆಳ್ಳಿ ಬಣ್ಣ ಬಳಿಸಿ, ಸಿಲ್ವರ್ ಘೋಸ್ಟ್ ಅಂತ ಹೆಸರಿಟ್ಟು 1907ರಲ್ಲಿ ರಸ್ತೆಗೆ ಬಿಟ್ಟ. ಅದರ ನಂಬರು ಎಎಕ್ಸ್ 201. ರಾಯಲ್ ಆಟೊಮೊಬೈಲ್ ಕ್ಲಬ್ಬಿನ ವೀಕ್ಷಕರು ಜೊತೆಗೆ. ಸ್ಕಾಟ್ಲೆಂಡಿನ ಗುಡ್ಡಗಳ ಸ್ಪರ್ಧೆ ಮುಗಿಸಿಕೊಂಡು, ಆಮೇಲೆ ಲಂಡನ್–ಗ್ಲಾಸ್ಗೊ ನಡುವೆ ಹಗಲು ರಾತ್ರಿ ಹೋಗಿ ಬರುವುದು, ಭಾನುವಾರ ಮಾತ್ರ ರಜೆ. ಒಟ್ಟು 15,000 ಮೈಲಿ. ಅದರಲ್ಲಿ 14,371 ಮೈಲಿ ತಾನಾಗಿ ಒಮ್ಮೆಯೂ ನಿಲ್ಲಲಿಲ್ಲ.

ಈ ದೊಡ್ಡ ಅಂಕಿ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಅದಕ್ಕೆ ಮುಂಚಿನ 629ನೇ ಮೈಲಿ. ಅಲ್ಲಿ ಕಾರು ನಿಂತುಬಿಟ್ಟಿತು. ಏನಾಗಿತ್ತಪ್ಪಾ ಅಂದರೆ, ರಸ್ತೆಯ ಅಲುಗಾಟಕ್ಕೆ ಪೆಟ್ರೋಲಿನ ನಲ್ಲಿ ತಾನೇ ತಿರುಗಿ ಮುಚ್ಚಿಕೊಂಡಿತ್ತು! ಒಂದು ನಿಮಿಷದಲ್ಲಿ ತೆರೆದು ಮುಂದೆ ಹೋದರು. ಎಂಜಿನ್ನಿನ ನಡುಕವನ್ನೆಲ್ಲ ಗೆದ್ದವರಿಗೆ ರಸ್ತೆ ಒಂದು ನಲ್ಲಿ ಹಿಡಿದು ತನ್ನ ಇರುವಿಕೆ ತಿಳಿಸಿತ್ತು. ಕೊನೆಗೆ ಕ್ಲಬ್ಬಿನವರು ಕಾರನ್ನು ಪೂರ್ತಿ ಬಿಚ್ಚಿ ಅಳೆದರು. ಎಂಜಿನ್ ಚೊಕ್ಕ. ಸವೆದದ್ದು ಸ್ಟೇರಿಂಗಿನ ಕಡೆಯ ಒಂದೆರಡು ಚಿಕ್ಕ ಭಾಗ, ಫ್ಯಾನಿನ ಬೆಲ್ಟು, ಇಂಥವು. ಹೊಸದರಂತೆ ಮಾಡಲು ಬೇಕಾದ ಸಾಮಾನಿನ ಬೆಲೆ 2 ಪೌಂಡು, 2 ಶಿಲ್ಲಿಂಗು, 7 ಪೆನ್ಸು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 32 ರೂಪಾಯಿ.

ಈ ಪರೀಕ್ಷೆಗಳಲ್ಲಿ ಮಾಪನ ಯಂತ್ರ ಅಂತ ಏನೂ ಇರಲಿಲ್ಲ. ಎಂಜಿನ್ ಓಡುತ್ತಿರುವಾಗ ರೇಡಿಯೇಟರಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸುತ್ತಿದ್ದರು. ಸದ್ದಿಗೆ ಕಿವಿ. ಹಿಂದಿನ ಆಕ್ಸಲ್ಲಿನ ಗೊರಗೊರ ಕೇಳಲು ಡಾಕ್ಟರರ ಸ್ಟೆತೊಸ್ಕೋಪ್ ಇಡುತ್ತೇವೆ ಅಂತ ರೋಲ್ಸ್ ರಾಯ್ಸಿನವರು 1958ರ ಜಾಹೀರಾತಿನಲ್ಲೂ ಹೆಮ್ಮೆಯಿಂದ ಹೇಳಿಕೊಂಡರು. ನಮ್ಮ ರಾಣಿಗಂಜಿನ ಮಿಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಇಟ್ಟು ಅದೇ ಕೆಲಸ ಮಾಡುತ್ತಾರೆ, ಜಾಹೀರಾತು ಕೊಡುವುದಿಲ್ಲ ಅಷ್ಟೇ. ನಾವೂ ಹಾಗೇ ಕಲಿತೆವು. ಉದ್ದ ಕಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿಕೊಂಡು ಓಡಿಸಿದರೆ ಗಾಡಿಯ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ, ಆಗ ಕೇಳಬೇಕು. ವೇಗದಲ್ಲಿರುವಾಗ ನ್ಯೂಟ್ರಲ್ಲಿಗೆ ಹಾಕಬೇಕು. ಗುಂಯ್ ನಿಂತರೆ ಎಂಜಿನ್ನಿನದು, ನಿಲ್ಲದಿದ್ದರೆ ಗಾಲಿಯದೋ ಆಕ್ಸಲ್ಲಿನದೋ.

ಇಷ್ಟೆಲ್ಲ ಆದದ್ದು ಇಂಗ್ಲೆಂಡಿನ ರಸ್ತೆಗಳಲ್ಲಿ. ನಮ್ಮ ಕಡೆಯ ರಸ್ತೆ ಅಂದರೆ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಕೊರೆದ ಜಾಡು, ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕರಿಮಣ್ಣಿನ ಹುದಲು. ಅದರ ಮೇಲೆ ಒಂದು ಪರೀಕ್ಷೆ ಆಯಿತು. 1908ರಲ್ಲಿ ರೋಲ್ಸ್ ರಾಯ್ಸಿನವರು ‘ಪೂರ್ವದ ಮುತ್ತು’ ಅಂತ ಹೆಸರಿಟ್ಟ ಕಾರೊಂದನ್ನು ಮುಂಬಯಿಗೆ ತಂದು, ಮುಂಬಯಿ–ಕೊಲ್ಹಾಪುರದ ಸುಮಾರು 620 ಮೈಲಿಯ ಸ್ಪರ್ಧೆಯಲ್ಲಿ ಘಟ್ಟ ಹತ್ತಿಸಿ ಇಳಿಸಿದರು. ಬೆಳಗಾವಿಯ ನೆರೆ ತನಕ ಬಂದು ಹೋದ ಹಾಗಾಯಿತು. ಗೆದ್ದ ಕಾರನ್ನು ಗ್ವಾಲಿಯರಿನ ಮಹಾರಾಜರು ಕೊಂಡರು. ಆ ಮೇಲೆ ನಮ್ಮ ರಾಜ ಮಹಾರಾಜರಿಂದ ಆರ್ಡರುಗಳು ಹೋದವು. ಗಟ್ಟಿ ಕಮಾನು ಪಟ್ಟಿ ಹಾಕಿ ನೆಲದಿಂದ ಸ್ವಲ್ಪ ಮೇಲೆತ್ತಿದ ‘ಕಲೋನಿಯಲ್’ ಮಾದರಿಯನ್ನೂ ಕಂಪನಿ ಮಾಡಿಕೊಟ್ಟಿತು. ಇಲ್ಲಿನ ರಸ್ತೆಗೆ ಸಿಕ್ಕ ಗೌರವ ಅಷ್ಟು. ಉಳಿದ ಪರೀಕ್ಷೆಯೆಲ್ಲ ಅವರವರ ಊರಲ್ಲೇ: 1920ರ ದಶಕದಲ್ಲಿ ರೋಲ್ಸ್ ರಾಯ್ಸ್ ಹೊಸ ಮಾದರಿಗಳನ್ನು ಫ್ರಾನ್ಸಿನ ಶಾತೋರೂ ಪಟ್ಟಣದಲ್ಲಿಟ್ಟುಕೊಂಡು ಹತ್ತು ಸಾವಿರ ಮೈಲಿ ಓಡಿಸುತ್ತಿತ್ತು. ಅಮೆರಿಕದ ಜನರಲ್ ಮೋಟಾರ್ಸ್ 1924ರಲ್ಲಿ ಮಿಲ್ಫರ್ಡಿನಲ್ಲಿ ಪರೀಕ್ಷೆಗೆಂದೇ ಸ್ವಂತ ರಸ್ತೆಗಳನ್ನು ಕಟ್ಟಿಕೊಂಡಿತು.

ಅದೇ ಹೊತ್ತಿಗೆ ಸ್ಟೇರಿಂಗಿಗೆ ಒಂದು ಹೊಸ ಪೀಡೆ ಅಂಟಿಕೊಂಡಿತ್ತು. ಹಳೆಯ ಕಾರುಗಳಲ್ಲಿ ಮುಂದಿನ ಎರಡೂ ಗಾಲಿ ಒಂದೇ ಕಬ್ಬಿಣದ ಆಕ್ಸಲ್ಲಿಗೆ ಕೂತಿರುತ್ತವೆ. ಒಂದು ಗಾಲಿ ಕಲ್ಲು ಹತ್ತಿದರೆ ಆಕ್ಸಲ್ ಓರೆಯಾಗುತ್ತದೆ. ತಿರುಗುವ ಗಾಲಿ ಅಂದರೆ ಬುಗುರಿಯೇ, ಅದನ್ನು ಒಂದು ಕಡೆ ಬಾಗಿಸಿದರೆ ಅದು ಇನ್ನೊಂದು ಕಡೆಗೆ ತಿರುಗುತ್ತದೆ. ಹಾಗಾಗಿ ಗಾಲಿ ಪಕ್ಕಕ್ಕೆ ಹೊರಳುತ್ತದೆ, ಟೈರು ಎಳೆದು ವಾಪಸು ತರುತ್ತದೆ, ಆಗ ಆಕ್ಸಲ್ ಆ ಕಡೆ ಓರೆಯಾಗುತ್ತದೆ. ಒಂದು ವೇಗದಲ್ಲಿ ಇದು ತನ್ನಷ್ಟಕ್ಕೇ ನಡೆಯತೊಡಗಿ ಸ್ಟೇರಿಂಗ್ ಚಕ್ರ ಕೈಯಲ್ಲಿ ಹಾವಿನಂತೆ ಒದ್ದಾಡುತ್ತದೆ. 1920ರ ದಶಕದಲ್ಲಿ ಗಾಳಿ ಕಡಿಮೆ ತುಂಬುವ ದಪ್ಪ ಟೈರು ಬಂತು, ಮುಂದಿನ ಗಾಲಿಗೂ ಬ್ರೇಕು ಬಂತು. ಎರಡೂ ಒಳ್ಳೆಯ ಸುಧಾರಣೆಗಳೇ. ಎರಡೂ ಸೇರಿ ಈ ರೋಗವನ್ನು ಹೆಚ್ಚಿಸಿದವು.

ಮಾರಿಸ್ ಓಲಿ ಅನ್ನುವ ಎಂಜಿನಿಯರ್ ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ. ಇಂಗ್ಲೆಂಡ್ ಬಿಟ್ಟು ಹೋದ ಅವನೂ ನಮ್ಮ ಹಾಗೆ ಪರಊರಿನವನೇ ಅನ್ನಿ. ಒಂದು ದೊಡ್ಡ ಕಾರಿನ ಹಿಂದೆ ಮುಂದೆ ತೂಕಗಳನ್ನು ಜೋಡಿಸಿ, ಅವನ್ನು ಅತ್ತಿತ್ತ ಸರಿಸುತ್ತ, ಕಮಾನುಗಳನ್ನು ಬದಲಿಸುತ್ತ ಓಡಿಸಿ ನೋಡಿದ. ಅಳೆಯುವ ಉಪಕರಣ ಇರಲಿಲ್ಲ. ಕೂತವರು ತಮ್ಮ ಮೈಗೆ ಏನನಿಸಿತು ಅಂತ ಹೇಳಬೇಕು, ಅದೇ ಲೆಕ್ಕ. ಹಾಗೆ ತಿಳಿದದ್ದೇನು? ಮುಂದಿನ ಕಮಾನು ಹಿಂದಿನದಕ್ಕಿಂತ ಮೆತ್ತಗಿದ್ದರೆ ಕಾರು ಕುದುರೆಯಂತೆ ತಲೆ ಎತ್ತಿ ಹಾಕುವುದಿಲ್ಲ, ಮಟ್ಟವಾಗಿ ತೇಲುತ್ತದೆ. ಆದರೆ ಹಳೆಯ ಆಕ್ಸಲ್ಲಿಗೆ ಮೆತ್ತನೆಯ ಕಮಾನು ಹಾಕಿದರೆ ಸ್ಟೇರಿಂಗಿನ ಒದ್ದಾಟ ತಡೆಯಲಾಗದು. ಸುಖ ಬೇಕಾದರೆ ಆಕ್ಸಲ್ಲನ್ನೇ ಬಿಡಬೇಕು. ಬಿಟ್ಟರು. 1934ರ ಕ್ಯಾಡಿಲಾಕ್, ಬ್ಯೂಕ್ ಕಾರುಗಳಲ್ಲಿ ಮುಂದಿನ ಒಂದೊಂದು ಗಾಲಿಯೂ ಬೇರೆ ಬೇರೆಯಾಗಿ ಏರಿಳಿಯತೊಡಗಿತು.

ಇಲ್ಲಿ ನನಗೆ ನಮ್ಮ ಕಾಕಾ ನೆನಪಾಗುತ್ತಾನೆ.

ನಿಜಾಮರ ಸಂಸ್ಥಾನದಲ್ಲಿ 1932ರಲ್ಲಿ ಸರಕಾರಿ ಬಸ್ಸು ಶುರುವಾಯಿತು, ರೈಲ್ವೆಯ ಜೊತೆಗೇ. 27 ಬಸ್ಸು, 166 ನೌಕರರು. ಆಲ್ಬಿಯನ್ ಗಾಡಿಗಳು, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ತಯಾರಾದವು. ಸಿಲ್ವರ್ ಘೋಸ್ಟ್ ಹೋಗಿ ಬರುತ್ತಿದ್ದ ಅದೇ ಗ್ಲಾಸ್ಗೊ. ಬೀದರ, ಕಲಬುರಗಿ, ರಾಯಚೂರು ಆಗ ಹೈದರಾಬಾದಿಗೇ ಸೇರಿದ್ದವು, ಈ ಊರು ನಮಗೆ ಪರಊರಾದದ್ದು 1956ರ ನವೆಂಬರ್ 1ರಂದು. ಕಾಕಾ ನಲವತ್ತರ ದಶಕದಲ್ಲಿ ಕ್ಲೀನರ್ ಆಗಿ ಸೇರಿ ಆಮೇಲೆ ಡ್ರೈವರ್ ಆದ. ರಾಜ್ಯ ಹಂಚಿದಾಗ ಅವನು ಮೈಸೂರಿನ ಕಡೆಗೆ ಬಂದ. ಅವನ ಬಸ್ಸುಗಳಿಗೆಲ್ಲ ಕೊನೆಯವರೆಗೂ ಅದೇ ಕಬ್ಬಿಣದ ಆಕ್ಸಲ್. ಓಲಿಯ ಹೆಸರು ಅವನು ಕೇಳಿದವನಲ್ಲ. ‘ಸ್ಟೇರಿಂಗ್ ಹೊಡೀಲತದ ಅಂದ್ರ ಕೈ ಬಿಗಿ ಹಿಡೀಬ್ಯಾಡ, ವೇಗ ಬಿಡು’ ಅನ್ನುತ್ತಿದ್ದ. ಕಿಂಗ್ ಪಿನ್ ಬುಷ್ ಬದಲಿಸಿಯೂ ನಿಲ್ಲದಿದ್ದರೆ ಕಮಾನು ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಓರೆಯ ಕಬ್ಬಿಣದ ತುಂಡೊಂದನ್ನು ಸಿಗಿಸುತ್ತಿದ್ದನಂತೆ. ಕಿಂಗ್ ಪಿನ್ ಎಷ್ಟು ಹಿಂದಕ್ಕೆ ವಾಲಬೇಕೆನ್ನುವ ಲೆಕ್ಕ ಅದು. ಹುಡುಗರು ಕೈಬಿಟ್ಟು ಸೈಕಲ್ ಓಡಿಸುವುದಕ್ಕೆ ಸಾಧ್ಯವಾಗುವುದು ಮುಂಗಾಲಿಗೆ ಇಂಥದೇ ವಾಲು ಇರುವುದರಿಂದ. ನಾನು ಅದನ್ನು ಡಿಗ್ರಿಯಲ್ಲಿ ಓದಿದೆ, ಅವನು ಬೆರಳಲ್ಲಿ ಅಳೆಯುತ್ತಿದ್ದ.

ನಮ್ಮ ಟೆಸ್ಟ್ ಗಾಡಿಗಳ ಒಂದು ದಾರಿ ಸೊಲ್ಲಾಪುರ ರಸ್ತೆ. ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟ, ಜಹೀರಾಬಾದ್, ಕೊನೆಗೆ ಚಿರಾಗ್‌ಪಲ್ಲಿ ನಾಕಾ. ಅಲ್ಲಿಂದ ವಾಪಸು. ಟೆಂಪರರಿ ನಂಬರಿನ ಗಾಡಿ ರಾಜ್ಯದ ಗಡಿ ದಾಟಿಸಬಾರದು ಅಂತ ನಮ್ಮ ಆಫೀಸಿನ ಕಟ್ಟಪ್ಪಣೆ. ನಾಕಾದಿಂದ ಹುಮನಾಬಾದ್ ಒಂದು ತಾಸಿನ ಒಳಗಿನ ದಾರಿ. ವಾರಕ್ಕೆ ಎರಡು ಮೂರು ಸಲ ಮನೆಯ ಕಡೆಗೆ ಮುಖ ಮಾಡಿ ನೂರು ಕಿಲೋಮೀಟರಿಗೂ ಮೇಲೆ ಓಡಿಸಿ, ಊರಿನ ಗಾಳಿ ಬಂತು ಅನ್ನುವಷ್ಟರಲ್ಲಿ ಸ್ಟೇರಿಂಗ್ ತಿರುಗಿಸಬೇಕು. ಆ ತಿರುವಿನಲ್ಲಿ ಗಾಡಿ ಯಾವತ್ತೂ ಭಾರವಾಗಿ ತಿರುಗುತ್ತಿತ್ತು. ಅದನ್ನು ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲ ಬಿಡಿ.

ರಿಟೈರ್ ಆಗಿದ್ದ ಕಾಕಾ ಕೆಲವೊಮ್ಮೆ ಬಸ್ಸು ಹಿಡಿದು ನಾಕಾದ ಚಹಾದಂಗಡಿಗೆ ಬರುತ್ತಿದ್ದ, ಅವ್ವ ಕಟ್ಟಿಕೊಟ್ಟ ಜೋಳದ ಕಟಿರೊಟ್ಟಿ, ಶೇಂಗಾಹಿಂಡಿ ತಗೊಂಡು. 1986ರಲ್ಲಿ ಒಂದು ದಿನ, ‘ತಮ್ಮಾ, ಹೊಸಾ ಗಾಡ್ಯಾಗ ಒಂದು ಸುತ್ತು ಕೂಡಸು’ ಅಂದ. ಹೊರಗಿನವರನ್ನು ಕೂರಿಸುವಂತಿಲ್ಲ. ಕೂರಿಸಿದೆ. ಮುಂದೆ ಬಾ ಅಂದರೆ ಬರಲಿಲ್ಲ, ಹಿಂದೆ ಆಕ್ಸಲ್ಲಿನ ನೇರ ಮೇಲೆ, ಅಳತೆಗೆ ಹೇರಿದ್ದ ಮರಳಿನ ಚೀಲದ ಮೇಲೆ ಕೂತ. ಎರಡು ಕಿಲೋಮೀಟರು ಹೋಗಿ ಬಂದೆವು. ಇಳಿದು ಧೋತರ ಝಾಡಿಸಿಕೊಂಡು ಅಂದ: ‘ಗಾಡಿ ಮಾತಾಡ್ಲತದ ನೋಡು. ಎಡಗಡಿ ಹಿಂದಿನ ಗಾಲ್ಯಾಗ. ವೇಗ ಬಿಟ್ಟಾಗ ಕೇಳ್ತದ, ಒತ್ತಿದಾಗ ಇಲ್ಲ.’

‘ನನಗ ಏನೂ ಕೇಳ್ಲಿಲ್ರೀ ಕಾಕಾ.’

‘ನಿನಗ ಕಿವಿಗೆ ಕೇಳಬೇಕು. ನನಗ ಕುಂಡಿಗೆ ಕೇಳ್ತದ.’

ವಾಪಸು ಬರುವಾಗ ಸಂಗಾರೆಡ್ಡಿಯ ತನಕ ಕಿವಿ ನೆಟ್ಟರೂ ನನಗೆ ಕೇಳಲಿಲ್ಲ. ಆದರೂ ಲಾಗ್‌ಬುಕ್ಕಿನಲ್ಲಿ ಬರೆದೆ: ಎಡ ಹಿಂಗಾಲಿ, ವೇಗ ಬಿಟ್ಟಾಗ ಸದ್ದು. ಬಿಚ್ಚಿದರು. ಬೇರಿಂಗಿನ ಒಂದು ಉರುಳೆಯ ಮೇಲೆ ಉಗುರಿನಷ್ಟು ಪದರು ಎದ್ದಿತ್ತು. ಮೇಲಿನವರು ‘ಯಾರು ಕೇಳಿದ್ದು’ ಅಂತ ವಿಚಾರಿಸಿದರು. ಹೊರಗಿನವರು ಗಾಡಿಯಲ್ಲಿದ್ದರು ಅಂದರೆ ನೌಕರಿಗೆ ಸಂಚಕಾರ. ನಾನೇ ಅಂದೆ. ಶಾಭಾಷ್ ಅಂದರು, ಕಡತದಲ್ಲೂ ನನ್ನ ಹೆಸರೇ ಹೋಯಿತು. ಆ ಮೇಲೆ ಕಷ್ಟದ ಸದ್ದುಗಳನ್ನೆಲ್ಲ ನನ್ನ ಹತ್ತಿರವೇ ಕಳಿಸತೊಡಗಿದರು, ಅದರಿಂದ ಬಡ್ತಿಯೂ ಬಂತು. ಕಾಕಾನಿಗೆ ಇದನ್ನು ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ನಗುತ್ತಿದ್ದ ಅಷ್ಟೇ. ಆದರೂ ಹೇಳಲು ಬಾಯಿ ಬರಲಿಲ್ಲ.

ಅವನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗ್ಲಾಸ್ಗೊದವರ, ಆಮೇಲೆ ಬೇರೆಯವರ ಗಾಡಿಗಳನ್ನು ನಮ್ಮ ರಸ್ತೆಗಳಲ್ಲಿ ಪರೀಕ್ಷೆ ಮಾಡುತ್ತಲೇ ಇದ್ದ. ಯಾವ ಕಮಾನು ಎಲ್ಲಿ ಮುರಿಯುತ್ತದೆ, ಯಾವ ವೇಗದಲ್ಲಿ ಯಾವ ಕಿಟಕಿ ಕಟಗುಡುತ್ತದೆ, ಎಲ್ಲ ಅವನಿಗೆ ಗೊತ್ತಿತ್ತು. ಕೇಳುವವರು ಮಾತ್ರ ಇರಲಿಲ್ಲ, ಯಾಕೆಂದರೆ ಕೇಳಬೇಕಾದ ಕಾರ್ಖಾನೆ ಏಳು ಸಮುದ್ರದ ಆಚೆ. ಮೂಸಿ ಪ್ರವಾಹದ ಮರುವರ್ಷ, 1909ರಲ್ಲಿ, ಇದೇ ಹೈದರಾಬಾದಿಗೆ ಬಂದು ನದಿಗೆ ಕಟ್ಟು ಹಾಕುವ ಯೋಜನೆ ಮಾಡಿಕೊಟ್ಟ ನಮ್ಮ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆ ಇಲ್ಲೇ ಆಗಬೇಕು ಅಂತ ಯುರೋಪು, ಅಮೆರಿಕ ಸುತ್ತಿ ಬಂದರು. ವಾಲ್‌ಚಂದ್ ಹೀರಾಚಂದರು ಬೆಂಬಲಕ್ಕೆ ನಿಂತರು. ಬೆಂಗಳೂರಿನಲ್ಲಿ ಆಗಬಹುದಾಗಿದ್ದ ಕಾರಿನ ಕಾರ್ಖಾನೆಗೆ ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಹುಟ್ಟಿದ್ದು 1944ರಲ್ಲಿ. ಪುಣೆಯಲ್ಲಿ ವಾಹನ ಸಂಶೋಧನಾ ಸಂಸ್ಥೆ ಬಂದದ್ದು 1966ರಲ್ಲಿ. ಇಂದೋರಿನ ಹತ್ತಿರ ಪೀಥಂಪುರದಲ್ಲಿ 11.3 ಕಿಲೋಮೀಟರಿನ ವೇಗದ ಟ್ರ್ಯಾಕು ತೆರೆದದ್ದು 2021ರಲ್ಲಿ. ಈಗ ಸೀಟಿನ ಕೆಳಗೆ, ಸ್ಟೇರಿಂಗಿನ ಮೇಲೆ, ಕಿವಿಯ ಪಕ್ಕ ಎಲ್ಲ ಕಡೆ ಸೆನ್ಸರು. ನಡುಕ ಗೆರೆಯಾಗಿ ಕಂಪ್ಯೂಟರಿನಲ್ಲಿ ಮೂಡುತ್ತದೆ. ಕರೆಂಟಿನ ಕಾರು ಬಂದ ಮೇಲೆ ಎಂಜಿನ್ನಿನ ಸದ್ದೇ ಇಲ್ಲ, ಅದರ ಮರೆಯಲ್ಲಿದ್ದ ಟೈರಿನ ಗುಂಯ್, ಗಾಳಿಯ ಸಿಳ್ಳೆ ಎಲ್ಲ ಈಗ ಎದ್ದು ಕೇಳುತ್ತಿವೆ. ಹುಡುಗರಿಗೆ ಕೆಲಸ ಹೆಚ್ಚೇ ಆಗಿದೆ.

1988ರ ಬೇಸಿಗೆಯಲ್ಲಿ ಟೆಸ್ಟಿಗೆ ಹೋದಾಗ ಚಹಾದಂಗಡಿಯವನು ನನ್ನನ್ನು ನೋಡಿ ಎದ್ದು ಬಂದ. ಬೆಳಿಗ್ಗೆ ಹುಮನಾಬಾದಿನಿಂದ ಬಂದ ಕಂಡಕ್ಟರ್ ಸುದ್ದಿ ಹೇಳಿ ಹೋಗಿದ್ದನಂತೆ, ಕಾಕಾ ನಸುಕಿನಲ್ಲಿ ಹೋಗಿಬಿಟ್ಟ ಅಂತ. ಗಾಡಿ ಗಡಿಯ ಈಚೆಗೆ ನಿಂತಿತ್ತು, ಎಂಜಿನ್ ಇನ್ನೂ ಬಿಸಿ. ಜೊತೆಗಿದ್ದ ಹುಡುಗನಿಗೆ ಕೀಲಿ ಕೊಟ್ಟು, ವಾಪಸಿನ ಓಟವನ್ನು ಅವನ ಹೆಸರಲ್ಲೇ ಬರೆದುಕೋ ಅಂದೆ. ನಾಕಾ ನಡೆದು ದಾಟಿ ಆ ಕಡೆ ನಿಂತಿದ್ದ ನಮ್ಮ ಬಸ್ಸು ಹತ್ತಿದೆ. ಹಿಂದೆ, ಗಾಲಿಯ ಮೇಲಿನ ಸೀಟು ಮಾತ್ರ ಖಾಲಿ ಇತ್ತು.